ಹಳೇ ಕಾರಿಗೆ ಸೀಟ್ ಬೆಲ್ಟ್ ಹಾಕಿಸೋ ಮುನ್ನ

ಹಳೇ ಪ್ರೀಮಿಯರ್ ಪದ್ಮಿನಿಗೆ ಸೀಟ್ ಬೆಲ್ಟ್ ಹಾಕಿಕೊಡಿ ಅಂತ ಆಕ್ಸೆಸರಿ ಅಂಗಡಿಯಲ್ಲಿ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಅರ್ಧ ಗಂಟೆಯ ಕೆಲಸ. ಬಾಗಿಲುಗಳ ನಡುವಿನ ಕಂಬಕ್ಕೊಂದು ತೂತು, ಫ್ಲೋರಿಗೆರಡು ತೂತು, ಕೈಗೆ ಸಿಕ್ಕ ಬೋಲ್ಟು, ಮುಗೀತು. ಬೆಲ್ಟ್ ಎಳೆದರೆ ಬರುತ್ತೆ, ಬಕಲ್ ಟಕ್ ಅನ್ನುತ್ತೆ. ನೋಡೋಕೆ ಹೊಸ ಕಾರಿನ ಬೆಲ್ಟಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ವ್ಯತ್ಯಾಸ ಇರೋದು ಕಾರ್ಪೆಟ್ಟಿನ ಕೆಳಗೆ. ಹೊಸ ಕಾರಿನಲ್ಲಿ ಆ ಬೋಲ್ಟು ಹೋಗಿ ಕೂರುವ ಜಾಗವನ್ನು ಕಂಪನಿಯವರು ದಪ್ಪ ಉಕ್ಕು ಸೇರಿಸಿ, ಎಳೆದು ಪರೀಕ್ಷೆ ಮಾಡಿ ಕಳಿಸಿರುತ್ತಾರೆ. ಹಳೇ ಕಾರಿನಲ್ಲಿ ಅಲ್ಲಿರೋದು ಬರೀ ತಗಡು, ಅದೂ ನಲವತ್ತು ಐವತ್ತು ಮಳೆಗಾಲ ಕಂಡ ತಗಡು. ಹಾಗಾಗಿ ನನ್ನ ಪ್ರಕಾರ ಹಳೇ ಕಾರಿಗೆ ಬೆಲ್ಟ್ ಹಾಕಿಸುವುದನ್ನು ಬಾಡಿ ಕೆಲಸ ಅಂತಲೇ ಲೆಕ್ಕ ಹಾಕಬೇಕು. ಬೆಲ್ಟ್ ಆರಿಸುವುದು ಆಮೇಲಿನ ಮಾತು. ಎದೆಯ ಮೇಲೆ ಬಿದ್ದ ಬಲ ಪಟ್ಟಿಯಿಂದ ಬೋಲ್ಟಿಗೆ, ಬೋಲ್ಟಿನಿಂದ ತಗಡಿಗೆ, ತಗಡಿನಿಂದ ಕಾರಿನ ಮೂಳೆಗೆ ಹೋಗಬೇಕು. ಆ ದಾರಿಯಲ್ಲಿ ಎಲ್ಲಿ ಹರಿಯುತ್ತೆ ಅಂತ ನೋಡುತ್ತಾ ಹೋದರೆ ಇಡೀ ವಿಷಯ ಅರ್ಥವಾಗುತ್ತೆ.

ಹಳೇ ಕಾರುಗಳಲ್ಲಿ ಯಾಕಿಲ್ಲ?

ಇವತ್ತು ನಾವು ಹಾಕಿಕೊಳ್ಳುವ, ಮೇಲೆ ಕಂಬದಲ್ಲೊಂದು ಕೆಳಗೆ ಸೊಂಟದ ಅಕ್ಕಪಕ್ಕ ಎರಡು ಕಡೆ ಬಿಗಿಯುವ ಮೂರು ಪಾಯಿಂಟಿನ ಬೆಲ್ಟನ್ನು ರೂಪಿಸಿದವರು ವೋಲ್ವೊ ಕಂಪನಿಯ ಎಂಜಿನಿಯರ್ ನೀಲ್ಸ್ ಬೋಲಿನ್. ಅದಕ್ಕೆ ಮೊದಲು ಅವರು ಸಾಬ್ ಕಂಪನಿಯಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಹೊರಗೆ ಚಿಮ್ಮಿಸುವ ಸೀಟುಗಳ ಮೇಲೆ ಕೆಲಸ ಮಾಡಿದ್ದವರು. 1959ರಲ್ಲಿ ವೋಲ್ವೊ ಈ ಬೆಲ್ಟನ್ನು ತನ್ನ ಕಾರುಗಳಿಗೆ ಹಾಕಲು ಶುರು ಮಾಡಿತು, ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಿಕೊಳ್ಳಲಿ ಅಂತ ಬಿಟ್ಟುಕೊಟ್ಟಿತು. ಅಷ್ಟಾದರೂ ಎಲ್ಲ ಕಡೆ ಹರಡೋಕೆ ವರ್ಷಗಳೇ ಹಿಡಿದವು.

ನಮ್ಮ ದೇಶದಲ್ಲಂತೂ ಇನ್ನೂ ತಡ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 1993ರಲ್ಲಿ ತಿದ್ದುಪಡಿಯಾಗಿ, ಅದರ ಮರುವರ್ಷದಿಂದ ಕಾರಿನ ಮುಂದಿನ ಎರಡು ಸೀಟಿಗೆ ಬೆಲ್ಟ್ ಕೊಡುವುದು ತಯಾರಕರಿಗೆ ಕಡ್ಡಾಯವಾಯಿತು. ಹಿಂದಿನ ಸೀಟಿನ ಸರದಿ ಬಂದದ್ದು ಅದಾದ ಮೇಲೆ. ಅಂದರೆ 1994ಕ್ಕೆ ಮುಂಚಿನ ಅಂಬಾಸಡರ್, ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಜೀಪು ಯಾವುದಕ್ಕೂ ಬೆಲ್ಟ್ ಇರಲೇಬೇಕು ಅಂತ ಕಾನೂನು ಇರಲಿಲ್ಲ. ಹೊರದೇಶದಿಂದ ಬಂದ 1960ರ ದಶಕದ ಕಾರುಗಳ ಕಥೆ ಸ್ವಲ್ಪ ಬೇರೆ. ಯುರೋಪಿನ ಹಲವು ಕಾರುಗಳಲ್ಲಿ ಬೆಲ್ಟ್ ಇಲ್ಲದಿದ್ದರೂ, ಅದಕ್ಕಾಗಿ ಬೋಲ್ಟು ತಿರುಗಿಸುವ ಮರೆ (ಥ್ರೆಡ್) ಕೂರಿಸಿದ ಜಾಗ ಇರುತ್ತಿತ್ತು. ಕಂಬದ ಮೇಲೆ ಸಣ್ಣ ಪ್ಲಾಸ್ಟಿಕ್ ಬಿರಡೆ ಕಂಡರೆ ಅಥವಾ ಒಳಗಿನ ರೆಕ್ಸಿನ್ ಹೊದಿಕೆಯ ಹಿಂದೆ ಬೆರಳಿಗೆ ಗುಂಡಗೆ ಏನೋ ತಗುಲಿದರೆ ಡ್ರಿಲ್ ಕೆಳಗಿಟ್ಟು ಅದನ್ನು ಬಿಚ್ಚಿ ನೋಡಿ. ಕಂಪನಿಯೇ ಕೊಟ್ಟ ಜಾಗ ಸಿಕ್ಕಿದರೆ ಅರ್ಧ ತಲೆನೋವು ಹೋದ ಹಾಗೆ.

ಎಷ್ಟು ಬಲ?

70 ಕೆಜಿ ತೂಕದ ಒಬ್ಬರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾರೆ. ಎದುರಿಗೆ ಗೋಡೆ. ಕಾರಿನ ಮೂತಿ ಜಜ್ಜಿಹೋಗುವುದು, ಬೆಲ್ಟ್ ಒಂಚೂರು ಹಿಗ್ಗುವುದು ಎಲ್ಲ ಸೇರಿ ಅವರ ದೇಹ ನಿಲ್ಲೋಕೆ ಅರ್ಧ ಮೀಟರ್ ಸಿಕ್ಕಿತು ಅಂದುಕೊಳ್ಳಿ. ಆಗ ಬೆಲ್ಟ್ ತಡೆದುಕೊಳ್ಳಬೇಕಾದ ಸರಾಸರಿ ಬಲ ಅವರ ತೂಕದ ಸುಮಾರು 20 ಪಟ್ಟು. ಹತ್ತಿರ ಹತ್ತಿರ 1,400 ಕೆಜಿ ನೇತು ಹಾಕಿದಷ್ಟು. ಪದ್ಮಿನಿಯ ತೂಕವೇ 900 ಕೆಜಿ ಆಸುಪಾಸು. ಅಂದರೆ ನೀವು ಹಾಕಿಸಿದ ಬೆಲ್ಟಿಗೆ ಕ್ರೇನ್ ಕೊಂಡಿ ಸಿಗಿಸಿ ಇಡೀ ಕಾರನ್ನು ಎತ್ತಿದರೂ ಬೋಲ್ಟು ಕಿತ್ತು ಬರಬಾರದು. ಇಷ್ಟಾಗಿ ಇದು ಸರಾಸರಿ ಲೆಕ್ಕ, ಕ್ಷಣಮಾತ್ರದ ಗರಿಷ್ಠ ಬಲ ಇದಕ್ಕಿಂತ ಜಾಸ್ತಿ.

ಅಂತರರಾಷ್ಟ್ರೀಯ ಪರೀಕ್ಷೆಯೂ ಇದೇ ಮಟ್ಟದಲ್ಲಿದೆ. ಯುರೋಪಿನಲ್ಲಿ ಚಾಲ್ತಿಯಲ್ಲಿರುವ ನಿಯಮದಂತೆ ಕಾರಿನ ಬೆಲ್ಟ್ ಪಾಯಿಂಟ್‌ಗಳನ್ನು ಪರೀಕ್ಷಿಸುವಾಗ ಎದೆಯ ಭಾಗಕ್ಕೆ 13,500 ನ್ಯೂಟನ್, ಸೊಂಟದ ಭಾಗಕ್ಕೆ 13,500 ನ್ಯೂಟನ್ ಬಲವನ್ನು ಒಟ್ಟಿಗೇ ಹಾಕಿ ಎಳೆಯುತ್ತಾರೆ. ಒಂದೊಂದೂ ಸುಮಾರು 1,375 ಕೆಜಿ ಭಾರಕ್ಕೆ ಸಮ.

'ಹಳೇ ಕಾರು ಕಣ್ರೀ, ಗಟ್ಟಿ ಕಬ್ಬಿಣ, ಏನೂ ಆಗಲ್ಲ' ಅನ್ನುವ ಮಾತನ್ನು ಇಲ್ಲಿ ಬಿಟ್ಟುಬಿಡಬೇಕು. ಮೂತಿ ಜಜ್ಜಿಹೋಗದಷ್ಟೂ ಒಳಗಿರುವವರ ದೇಹ ನಿಲ್ಲೋಕೆ ಸಿಗುವ ಜಾಗ ಕಡಿಮೆ. ಆ ಅರ್ಧ ಮೀಟರ್ ಕಾಲು ಮೀಟರಿಗೆ ಇಳಿದರೆ ಬಲ ನೇರವಾಗಿ ಎರಡು ಪಟ್ಟಾಗುತ್ತೆ. ಮೂತಿ ಹಂತಹಂತವಾಗಿ ಮಡಚಿಕೊಳ್ಳುವಂತೆ ಬೇಕೆಂತಲೇ ವಿನ್ಯಾಸ ಮಾಡುವುದು ಶುರುವಾದದ್ದು 1959ರ ಮರ್ಸಿಡಿಸ್ ಡಬ್ಲ್ಯು 111ರಿಂದ. ಅಂಬಾಸಡರ್ ಅದಕ್ಕಿಂತ ಹಳೇ ಕಾಲದ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ವಿನ್ಯಾಸ. ಜೊತೆಗೆ ಇಂಥ ಕಾರುಗಳ ಸ್ಟೀರಿಂಗ್ ರಾಡ್ ಡಿಕ್ಕಿಯಲ್ಲಿ ಮಡಚಿಕೊಳ್ಳೋದಿಲ್ಲ, ಎದೆಗೆ ನೇರ ಬರುತ್ತೆ. ಡ್ಯಾಶ್‌ಬೋರ್ಡ್ ಎಷ್ಟೋ ಸಲ ಬರೀ ಉಕ್ಕಿನ ತಗಡು. ಬೆಲ್ಟ್ ಹಾಕಿಸಿದ ಮಾತ್ರಕ್ಕೆ ಇದ್ಯಾವುದೂ ಬದಲಾಗಲ್ಲ. ಆದರೆ ಮುಖ, ಎದೆ ಅವುಗಳವರೆಗೆ ಹೋಗದಂತೆ ತಡೆಯೋಕೆ ಬೇರೆ ದಾರಿಯೂ ಇಲ್ಲ.

ಬೋಲ್ಟು ಹರಿಯಲ್ಲ, ತಗಡು ಹರಿಯುತ್ತೆ

ಬೆಲ್ಟ್ ಬೋಲ್ಟುಗಳು ಬಹುತೇಕ ಎಲ್ಲ ಕಡೆ ಒಂದೇ ಅಳತೆ: 7/16 ಇಂಚು, ಇಂಚಿಗೆ 20 ಮರೆ. ಜಪಾನ್, ಯುರೋಪ್, ಅಮೆರಿಕದ ಕಾರುಗಳಲ್ಲೂ ಇದೇ. ಇಲ್ಲಾಂದ್ರೆ 12 ಎಂ.ಎಂ. ಬೋಲ್ಟು. ತಲೆಯ ಮೇಲೆ 8.8 ಅಂತ ಗುರುತಿರುವ ದರ್ಜೆಯ 7/16 ಇಂಚಿನ ಬೋಲ್ಟು ಕಿತ್ತುಹೋಗಬೇಕಾದರೆ ಆರು ಟನ್ ಎಳೆತ ಬೇಕು. ಮೇಲಿನ ಲೆಕ್ಕಕ್ಕೆ ಇದು ಧಾರಾಳ. ಒಂದೇ ಎಚ್ಚರಿಕೆ: 10 ಎಂ.ಎಂ. ಸಾಮಾನ್ಯ ಬೋಲ್ಟನ್ನು 'ಇದೇ ಸಾಕು ಸಾರ್' ಅಂತ ಹಾಕುವುದಕ್ಕೆ ಒಪ್ಪಬೇಡಿ. 7/16 ಬೋಲ್ಟನ್ನು 12 ಎಂ.ಎಂ. ನಟ್ಟಿಗೆ ಹಾಕಿದರೆ ತಿರುಗಿದ ಹಾಗೆ ಕಾಣಬಹುದು, ಮರೆ ಹಿಡಿದಿರೋದಿಲ್ಲ.

ಸೋಲುವುದು ತಗಡು. ಕಾರಿನ ಫ್ಲೋರು ಒಂದು ಮಿಲಿಮೀಟರ್ ಆಸುಪಾಸಿನ ದಪ್ಪ. ಅದಕ್ಕೆ ತೂತು ಮಾಡಿ, ಕೆಳಗೆ ಒಂದು ಮಾಮೂಲಿ ವಾಷರ್ ಕೊಟ್ಟು ಬಿಗಿದರೆ ಒಂದೂವರೆ ಟನ್ ಎಳೆತಕ್ಕೆ ಬೋಲ್ಟು, ನಟ್ಟು, ವಾಷರ್ ಸಮೇತ ಹೊರಗೆ ಬರುತ್ತೆ. ಪರಿಹಾರ ಸರಳ: ಬಲವನ್ನು ಅಗಲ ಜಾಗಕ್ಕೆ ಹಂಚುವ ಪ್ಲೇಟು. ಕಾರ್ ರೇಸಿಂಗ್‌ನ ಜಾಗತಿಕ ಸಂಸ್ಥೆ ಎಫ್‌ಐಎ ತನ್ನ ನಿಯಮದಲ್ಲಿ ಹೊಸ ಪಾಯಿಂಟ್ ಮಾಡುವಾಗ ಕಡಿಮೆ ಅಂದರೆ 3 ಎಂ.ಎಂ. ದಪ್ಪದ, 40 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ಪ್ಲೇಟು ಬೇಕು ಅನ್ನುತ್ತೆ. ರಸ್ತೆ ಕಾರಿಗೂ ಅದನ್ನೇ ಕನಿಷ್ಠ ಅಂತ ಹಿಡಿಯುವುದು ಒಳ್ಳೆಯದು. 65 ಎಂ.ಎಂ. ಉದ್ದ, 65 ಎಂ.ಎಂ. ಅಗಲದ ಚೌಕ ಪ್ಲೇಟು ಈ ಲೆಕ್ಕಕ್ಕೆ ಸರಿಹೋಗುತ್ತೆ. ಮೂಲೆಗಳನ್ನು ಗುಂಡಗೆ ಉಜ್ಜಿಸಿ. ಚೂಪು ಮೂಲೆ ಬಿಟ್ಟರೆ ಎಳೆತದ ಹೊತ್ತಲ್ಲಿ ಅದೇ ತಗಡನ್ನು ಕುಯ್ಯುತ್ತೆ.

ಪ್ಲೇಟು ಯಾವ ಕಡೆ ಅನ್ನೋದು ಮುಖ್ಯ. ಬೆಲ್ಟ್ ಎಳೆದಾಗ ಪ್ಲೇಟು ತಗಡಿಗೆ ಒತ್ತಿಕೊಳ್ಳಬೇಕು. ಫ್ಲೋರಿನ ವಿಷಯದಲ್ಲಿ ಹೇಳಬೇಕಾದರೆ ಪ್ಲೇಟು ಕಾರಿನ ಕೆಳಗಡೆ ಇರಬೇಕು. ಮೇಲುಗಡೆ ಇಟ್ಟು ಸುತ್ತ ವೆಲ್ಡಿಂಗ್ ಹೊಡೆದರೆ ಇಡೀ ಭಾರ ವೆಲ್ಡಿಂಗ್ ಮೇಲೆ ಬೀಳುತ್ತೆ, ಹಳೇ ತಗಡಿನ ಮೇಲಿನ ವೆಲ್ಡಿಂಗ್ ಸಿಪ್ಪೆ ಸುಲಿದ ಹಾಗೆ ಎದ್ದು ಬರಬಹುದು.

ಅದಕ್ಕಿಂತ ಒಳ್ಳೆಯ ಉಪಾಯ ಬೋಲ್ಟನ್ನು ಅಡ್ಡಕ್ಕೆ ಕೂರಿಸುವುದು. ಸಪಾಟು ಫ್ಲೋರಿನಲ್ಲಿ ನೆಟ್ಟಗೆ ನಿಂತ ಬೋಲ್ಟನ್ನು ಬೆಲ್ಟ್ ಮೇಲಕ್ಕೆ ಕೀಳುತ್ತೆ. ಅದೇ ಬೋಲ್ಟು ಟನಲ್ಲಿನ (ಫ್ಲೋರಿನ ನಡುವೆ ಉದ್ದಕ್ಕೂ ಉಬ್ಬಿರುವ ಭಾಗ) ಪಕ್ಕದ ಗೋಡೆಗೋ, ಬಾಗಿಲ ಕೆಳಗಿನ ಸಿಲ್ಲಿನ ಒಳಮುಖಕ್ಕೋ ಇದ್ದರೆ ಎಳೆತ ತಗಡಿನ ಮೇಲ್ಮೈ ಗುಂಟ ಹೋಗುತ್ತೆ. ಒಟ್ಟಿಗೆ ಕಿತ್ತು ಬರುವ ಸಂಭವ ತುಂಬಾ ಕಡಿಮೆ. ಅಲ್ಲಿ ತಗಡಿಗೆ ಮಡಿಕೆ, ತಿರುವು ಇರೋದರಿಂದ ಗಟ್ಟಿತನವೂ ಜಾಸ್ತಿ.

ಕಂಬದ ಕಥೆ ಇನ್ನೊಂದು. ಅದು ಒಳಗೆ ಟೊಳ್ಳು. ಹಿಂದಿನಿಂದ ಕೈ ಹೋಗಲ್ಲ, ನಟ್ಟು ಹಿಡಿಯೋಕೆ ಆಗಲ್ಲ. ಆರಪಾರು ಬೋಲ್ಟು ತೂರಿಸಿ ಬಿಗಿದರೆ ಕಂಬವೇ ಒಳಗೆ ಅಪ್ಪಚ್ಚಿಯಾಗುತ್ತೆ. ಸರಿಯಾದ ವಿಧಾನ: 3 ಎಂ.ಎಂ. ಪ್ಲೇಟಿಗೆ ಮೊದಲೇ ನಟ್ಟನ್ನು ವೆಲ್ಡ್ ಮಾಡಿಟ್ಟು, ಕಂಬದ ಒಳಮುಖದಲ್ಲಿ ಕಿಟಕಿ ಕುಯ್ದು ಆ ಪ್ಲೇಟನ್ನು ಒಳಗೆ ಕೂರಿಸಿ, ಮತ್ತೆ ಮುಚ್ಚಿ ವೆಲ್ಡ್ ಮಾಡುವುದು. ಗ್ಯಾರೇಜಿನವರು ಸಿಓ2 ವೆಲ್ಡಿಂಗ್ ಅನ್ನುತ್ತಾರಲ್ಲ, ಅದೇ ಬೇಕು. ಗ್ಯಾಸ್ ವೆಲ್ಡಿಂಗ್‌ನಲ್ಲಿ ತುಂಬಾ ಜಾಗ ಕಾಯುತ್ತೆ, ತಗಡು ಸೊಟ್ಟಗಾಗುತ್ತೆ. ಬೋಲ್ಟನ್ನು ಮಾತ್ರ ಎಂದೂ ವೆಲ್ಡ್ ಮಾಡಿಸಬೇಡಿ. ಹದ ಮಾಡಿದ ಉಕ್ಕು ಅದು, ಕಾಯಿಸಿದರೆ ಹದ ಹೋಗುತ್ತೆ.

ಇನ್ನು ತುಕ್ಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಬಾಳಿದ ಕಾರಾದರೆ ಉಪ್ಪುಗಾಳಿ ಸಿಲ್ಲು, ಫ್ಲೋರು ಎರಡನ್ನೂ ಒಳಗಿಂದ ತಿಂದಿರುತ್ತೆ. ಕಣ್ಣಿಗೆ ಕಾಣೋದು ಪೇಂಟು. ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ಯಾವತ್ತೋ ಹೊಡೆಸಿದ ಪ್ಯಾಚು. ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ನೋಡಿ. ಟಣ್ ಅಂದರೆ ತಗಡಿದೆ. ದಬ್ ಅಂದರೆ ಅನುಮಾನಪಡಿ. ಅಯಸ್ಕಾಂತ ಹಿಡಿಯದ ಜಾಗದಲ್ಲಿರೋದು ಪುಟ್ಟಿ. ಅಂಥ ಕಡೆ ಪ್ಲೇಟು ಎಷ್ಟು ದಪ್ಪ ಇದ್ದರೂ ಸುಮ್ನೆ. ಮೊದಲು ಟಿಂಕರಿಂಗ್‌ನವರ ಹತ್ತಿರ ಹೊಸ ತಗಡು ಕಟ್ಟಿಸಿ, ಬೆಲ್ಟ್ ಆಮೇಲೆ. ಇದಕ್ಕೆ ದುಡ್ಡಿಲ್ಲ ಅನ್ನುವವರು ಬೆಲ್ಟಿನ ಯೋಚನೆ ಬಿಟ್ಟು, ಆ ಕಾರನ್ನು ವೇಗದ ರಸ್ತೆಗೆ ಇಳಿಸದೇ ಇರುವುದು ವಾಸಿ.

ಎಲ್ಲಿ ಕೂರಬೇಕು

ಬೆಲ್ಟ್ ಹಿಡಿಯಬೇಕಾದದ್ದು ಮೂಳೆಯನ್ನು. ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಎರಡೂ ಕಡೆಯ ಸೊಂಟದ ಮೂಳೆಗೆ ಅಡ್ಡವಾಗಿ, ತೊಡೆಗೆ ತಾಗುವಂತೆ ಕೆಳಗೆ ಕೂರಬೇಕು. ಎದೆಯ ಪಟ್ಟಿ ಕುತ್ತಿಗೆ ಮತ್ತು ಭುಜದ ತುದಿಯ ನಡುವೆ ಹಾದು ಪಕ್ಕೆಲುಬಿನ ಮೇಲೆ ಇಳಿಯಬೇಕು.

ಇದಕ್ಕಾಗಿ ಕೆಳಗಿನ ಪಾಯಿಂಟುಗಳ ಕೋನ ನೋಡಬೇಕು. ಸೊಂಟದಿಂದ ಪಟ್ಟಿ ಹಿಂದಕ್ಕೂ ಕೆಳಕ್ಕೂ ಓರೆಯಾಗಿ ಇಳಿಯಬೇಕು. ಯುರೋಪಿನ ನಿಯಮ ಬಕಲ್ ಇರುವ ಕಡೆ ಈ ಕೋನ ನೆಲಮಟ್ಟಕ್ಕೆ 45ರಿಂದ 80 ಡಿಗ್ರಿ, ಬಾಗಿಲ ಕಡೆ 30ರಿಂದ 80 ಡಿಗ್ರಿ ಒಳಗೆ ಇರಬೇಕು ಅನ್ನುತ್ತೆ. ಪಾಯಿಂಟನ್ನು ತುಂಬಾ ಹಿಂದಕ್ಕೆ ಕೂರಿಸಿದರೆ ಪಟ್ಟಿ ಅಡ್ಡಡ್ಡ ಮಲಗುತ್ತೆ. ಡಿಕ್ಕಿಯ ಹೊತ್ತಲ್ಲಿ ಸೊಂಟ ಅದರ ಕೆಳಗಿಂದ ಜಾರಿ, ಪಟ್ಟಿ ಹೊಟ್ಟೆಗೆ ಏರಿ ಕರುಳಿಗೇ ಪೆಟ್ಟಾಗುತ್ತೆ. ತುಂಬಾ ಮುಂದಕ್ಕೆ ತಂದರೆ ದೇಹ ಮುಂದೆ ಹೋದ ಮೇಲೇ ಪಟ್ಟಿ ಬಿಗಿಯಾಗೋದು. ಅಳತೆ ತೆಗೆಯುವಾಗ ಸೀಟನ್ನು ನೀವು ನಿಜವಾಗಿ ಓಡಿಸುವ ಜಾಗಕ್ಕೆ ಸರಿಸಿ, ಅಲ್ಲೇ ಕೂತು, ಇನ್ನೊಬ್ಬರ ಹತ್ತಿರ ಗುರುತು ಹಾಕಿಸಿ. ಮನೆಯಲ್ಲಿ ಬೇರೆಯವರೂ ಓಡಿಸುವುದಾದರೆ ಅವರನ್ನೂ ಕೂರಿಸಿ.

ಮೇಲಿನ ಪಾಯಿಂಟು ಭುಜಕ್ಕಿಂತ ಕೆಳಗಿರಲೇಬಾರದು. ಕಂಬದಲ್ಲಿ ಜಾಗ ಇಲ್ಲ ಅಂತ ಎದೆಯ ಪಟ್ಟಿಯನ್ನು ಸೀಟಿನ ಬೆನ್ನ ಮೇಲಿಂದ ಹಾಯಿಸಿ ಹಿಂದಿನ ಫ್ಲೋರಿಗೆ ಕಟ್ಟುವುದುಂಟು. ಇದು ಅಪಾಯ. ಮುಂದಕ್ಕೆ ನುಗ್ಗುವ ಭುಜವನ್ನು ಆ ಪಟ್ಟಿ ಕೆಳಕ್ಕೆ ಜಗ್ಗುತ್ತೆ, ಬೆನ್ನುಮೂಳೆ ಜಜ್ಜಿಹೋಗುತ್ತೆ. ಮೇಲೆ ಸರಿಯಾದ ಜಾಗ ಸಿಗಲೇ ಇಲ್ಲ ಅಂದರೆ ಬರೀ ಸೊಂಟದ ಬೆಲ್ಟ್ ಹಾಕಿಸುವುದು ಇದಕ್ಕಿಂತ ಮೇಲು. ಅದರಲ್ಲಿ ತಲೆ ಡ್ಯಾಶ್‌ಬೋರ್ಡಿಗೆ ಬಡಿಯುವ ಭಯ ಇದ್ದೇ ಇದೆ, ಆದರೂ ಬಾಗಿಲು ತೆರೆದುಕೊಂಡು ಹೊರಗೆ ಎಸೆಯಲ್ಪಡುವುದು ತಪ್ಪುತ್ತೆ. ಹಳೇ ಕಾರುಗಳ ಬಾಗಿಲ ಲಾಕು ಡಿಕ್ಕಿಯಲ್ಲಿ ಬಿಚ್ಚಿಕೊಳ್ಳುವುದು ಹೊಸ ವಿಷಯವೇನಲ್ಲ.

ಕಾರು ಬೇರೆ, ಉತ್ತರ ಬೇರೆ

ಅಂಬಾಸಡರ್ ಇಟ್ಟುಕೊಂಡವರಿಗೆ ಒಂದು ಅನುಕೂಲ ಇದೆ. ಉತ್ತರಪಾಡಾದ ಕಾರ್ಖಾನೆಯಿಂದ 2014ರವರೆಗೂ ಅದು ಬರುತ್ತಲೇ ಇತ್ತು, ಬಾಡಿಯ ಮೂಲ ಆಕಾರ ಹೆಚ್ಚು ಬದಲಾಗಲಿಲ್ಲ. ಹಾಗಾಗಿ 1994ರ ನಂತರದ ಒಂದು ಅಂಬಾಸಡರ್ ಹುಡುಕಿ, ಅದರಲ್ಲಿ ಕಂಪನಿ ಬೆಲ್ಟ್ ಎಲ್ಲೆಲ್ಲಿ ಕೂರಿಸಿದೆ ಅಂತ ಟೇಪು ಹಿಡಿದು ಅಳೆದುಕೊಂಡು ಬನ್ನಿ. ಜಾಗವನ್ನು ಮಾತ್ರ ನಕಲು ಮಾಡಿ. ಆ ಕಾರಿನ ಕಂಬದ ಒಳಗೆ ಇರುವ ಬಲಪಡಿಸಿದ ಉಕ್ಕು 1970ರ ಕಾರಿನಲ್ಲಿ ಇರುತ್ತೆ ಅಂತ ನಂಬಬೇಡಿ. ಕೊನೆಯ ಕಾಲದ ಪದ್ಮಿನಿ ಸಿಕ್ಕಿದರೆ ಅದರಲ್ಲೂ ಇದೇ ಕೆಲಸ ಮಾಡಬಹುದು.

ಅಂಬಾಸಡರ್, ಪದ್ಮಿನಿ ಎರಡಕ್ಕೂ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಎರಡೂ ಹಿಂದಿನ ಚಕ್ರದಿಂದ ಓಡುವ ಕಾರುಗಳಾದ್ದರಿಂದ ನಡುವೆ ಟನಲ್ ಇದೆ, ಬಕಲ್ ಕೂರಿಸೋಕೆ ಅದು ಒಳ್ಳೆಯ ಜಾಗ. ಆದರೆ ಅದರೊಳಗೆ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿರುತ್ತೆ, ಮತ್ತೆ ಹಿಂದಿನ ಆ್ಯಕ್ಸಲ್ ಹಳ್ಳಕ್ಕೆ ಬಿದ್ದಾಗಲೆಲ್ಲ ಆ ಶಾಫ್ಟು ಮೇಲೆ ಕೆಳಗೆ ಆಡುತ್ತೆ. ಬೋಲ್ಟಿನ ಬಾಲ ಒಳಗೆ ಉದ್ದಕ್ಕೆ ಚಾಚಿಕೊಂಡಿದ್ದರೆ ಒಂದು ದಿನ ತಗುಲುತ್ತೆ. ಬೋಲ್ಟು ಒಳಗಿಂದ ಹೊರಗೆ ಬರುವಂತೆ ಹಾಕಿ, ತಲೆ ಮಾತ್ರ ಟನಲ್ ಒಳಗೆ ಇರಲಿ. ಹ್ಯಾಂಡ್‌ಬ್ರೇಕ್ ಕೇಬಲ್ಲು, ಸೈಲೆನ್ಸರ್ ಪೈಪು ಎಲ್ಲಿ ಹೋಗುತ್ತವೆ ಅಂತಲೂ ಕೆಳಗೆ ಮಲಗಿ ನೋಡಿ.

ಮುಂದೆ ಉದ್ದ ಬೆಂಚ್ ಸೀಟು ಇದ್ದರೆ ಇನ್ನೊಂದು ರಗಳೆ. ಬಕಲ್ ಇರುವ ತುಂಡು ಸೀಟು ಮತ್ತು ಬೆನ್ನಿನ ನಡುವಿನ ಸಂದಿಯಿಂದ ಮೇಲೆ ಬರಬೇಕು. ಗಟ್ಟಿ ಕಂಬಿಯ ಬಕಲ್ ಬದಲು ಪಟ್ಟಿಯದೇ ಬಕಲ್ ಇದಕ್ಕೆ ಸರಿ. ನಡುವೆ ಮೂರನೆಯವರನ್ನು ಕೂರಿಸುವ ಹಳೇ ಅಭ್ಯಾಸ ಬಿಡಬೇಕು, ಬೇರೆ ದಾರಿಯಿಲ್ಲ. ಸೀಟು ಹಿಂದೆ ಮುಂದೆ ಸರಿಯುವ ರನ್ನರ್‌ನ ಬೋಲ್ಟುಗಳನ್ನೂ ಇದೇ ಹೊತ್ತಲ್ಲಿ ನೋಡಿಬಿಡಿ. ಮನುಷ್ಯನನ್ನು ಬೆಲ್ಟ್ ಹಿಡಿದರೂ ಸೀಟೇ ಕಿತ್ತು ಬೆನ್ನಿಗೆ ಗುದ್ದಿದರೆ ಆ ಭಾರವೂ ಬೆಲ್ಟ್ ಮೇಲೇ ಬೀಳುತ್ತೆ.

ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಚಾಸಿಸ್ ಬೇರೆ, ಅದರ ಮೇಲೆ ಬಾಡಿ ಭಾಗಭಾಗವಾಗಿ ಬೋಲ್ಟಿನಿಂದ ಕೂತಿದೆ. ಕೆಳಗಿನ ಪಾಯಿಂಟುಗಳು ಆದಷ್ಟು ಚಾಸಿಸ್ ಹಾದುಹೋಗುವ ಕಡೆಗೆ ಬರಲಿ. ಎರಡು ಬಾಗಿಲಿನ ಮಾಡಲ್ ಆದರೆ ಮುಂದಿನ ಸೀಟು ಮುಂದಕ್ಕೆ ಬಾಗುತ್ತೆ. ಅದಕ್ಕೆ ಲಾಕ್ ಇಲ್ಲದಿದ್ದರೆ ಹಾಕಿಸಿ. ಮೇಲ್ಛಾವಣಿ ಮಡಚುವ ಕಾರು, ತೆರೆದ ಜೀಪುಗಳಲ್ಲಿ ಕಂಬವೇ ಇರಲ್ಲ. ಅಲ್ಲಿ ಚಾಸಿಸ್‌ಗೆ ಕಟ್ಟಿದ ಸರಿಯಾದ ರೋಲ್ ಬಾರ್ (ಕಾರು ಮಗುಚಿದರೆ ತಲೆ ಕಾಯುವ ಉಕ್ಕಿನ ಕಮಾನು) ಇಲ್ಲದೆ ಮೂರನೇ ಪಾಯಿಂಟಿನ ಮಾತು ಬೇಡ.

ರೀಲು ಯಾಕೆ ಜಾಮ್ ಆಗುತ್ತೆ

ಬೆಲ್ಟಿನಲ್ಲಿ ಎರಡು ಜಾತಿ. ಕೈಯಿಂದ ಉದ್ದ ಹೊಂದಿಸಿಕೊಳ್ಳುವ ರೀಲಿಲ್ಲದ ಬೆಲ್ಟು, ತಾನೇ ಸುತ್ತಿಕೊಳ್ಳುವ ರೀಲಿನ ಬೆಲ್ಟು. ರೀಲಿಲ್ಲದ್ದರಲ್ಲಿ ಕೆಡೋಕೆ ಏನೂ ಇಲ್ಲ, ಕೂರಿಸೋದು ಸುಲಭ, 1960ರ ಕಾರಿಗೆ ಒಪ್ಪುತ್ತೆ. ತೊಂದರೆ ಏನಂದರೆ ಜನ ಅದನ್ನು ಸಡಿಲ ಬಿಡುತ್ತಾರೆ. ಬಿಗಿಯಿಲ್ಲದ ಬೆಲ್ಟಿನಿಂದ ಅರ್ಧ ಪ್ರಯೋಜನವೇ ಹೋಯಿತು. ಅದಕ್ಕೇ ದಿನಾ ಓಡಿಸುವ ಕಾರಿಗೆ ರೀಲೇ ಸರಿ ಅನ್ನೋದು ನನ್ನ ಅಭಿಪ್ರಾಯ.

ರೀಲಿನೊಳಗೆ ಎರಡು ಕಾವಲುಗಾರರಿದ್ದಾರೆ. ಒಂದು, ಪಟ್ಟಿಯನ್ನು ಜೋರಾಗಿ ಎಳೆದಾಗ ಹಿಡಿಯುವುದು. ಇನ್ನೊಂದು, ಕಾರೇ ತಟಕ್ಕನೆ ನಿಧಾನವಾದಾಗ ಅಥವಾ ವಾಲಿದಾಗ ಹಿಡಿಯುವುದು. ಈ ಎರಡನೆಯದಕ್ಕೆ ಒಳಗೆ ಒಂದು ಸಣ್ಣ ಗುಂಡೋ ಲೋಲಕವೋ ಇರುತ್ತೆ. ಅದು ತನ್ನ ಜಾಗದಲ್ಲಿ ಸಮನಾಗಿ ಕೂತಿದ್ದರೆ ಪಟ್ಟಿ ಆರಾಮಾಗಿ ಬರುತ್ತೆ. ಅಳತೆ ಹೀಗಿದೆ: ರೀಲು ತನ್ನ ಸರಿಯಾದ ಭಂಗಿಯಿಂದ 12 ಡಿಗ್ರಿವರೆಗೆ ವಾಲಿದರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದರೆ ಆಗಲೇಬೇಕು.

ಗುಜರಿಯಿಂದ ತಂದ ರೀಲು ಕಾರಿಗೆ ಹಾಕಿದ ಮೇಲೆ ಎಳೆದರೆ ಬರಲ್ಲ ಅನ್ನುವ ದೂರಿಗೆ ಕಾರಣ ಇದೇ. ಆ ರೀಲು ನೆಟ್ಟಗೆ ನಿಲ್ಲುವ ಕಂಬಕ್ಕಾಗಿ ಮಾಡಿದ್ದು, ನೀವು ಓರೆ ಜಾಗಕ್ಕೆ ಹಾಕಿದ್ದೀರಿ. ಮೆಕ್ಯಾನಿಕ್ ರೀಲಿನ ಮುಚ್ಚಳ ಬಿಚ್ಚಿ ಗುಂಡು ತೆಗೆದುಬಿಟ್ಟರೆ ಪಟ್ಟಿ ಬರುತ್ತೆ, ನಿಜ. ಜೊತೆಗೆ ಕಾವಲುಗಾರನೂ ಹೋದ. ಹಾಗೆ ಮಾಡದೆ, ಯಾವ ಕೋನಕ್ಕೆ ರೀಲು ಬೇಕು ಅಂತ ಮೊದಲೇ ಅಳೆದು ಅದಕ್ಕೆ ತಕ್ಕದ್ದನ್ನು ಕೊಳ್ಳಿ.

ಹೊಸದೋ, ಗುಜರಿಯದೋ?

ಬೆಂಗಳೂರಿನವರಿಗೆ ಜೆ.ಸಿ. ರೋಡು, ಶಿವಾಜಿನಗರ ಕೈಗೆಟುಕುವ ದೂರ. ಗುಜರಿಯಲ್ಲಿ ಬೆಲ್ಟ್ ಚೆನ್ನಾಗೇ ಕಾಣುತ್ತೆ, ಬೆಲೆಯೂ ಕಡಿಮೆ. ಆದರೆ ಆ ಕಾರು ಗುಜರಿಗೆ ಯಾಕೆ ಬಂತು? ಆಕ್ಸಿಡೆಂಟ್ ಆಗಿಯೇ ಬಂದಿದ್ದರೆ ಆ ಪಟ್ಟಿ ಒಂದು ಸಲ ಪೂರ್ತಿ ಹಿಗ್ಗಿ ತನ್ನ ಕೆಲಸ ಮುಗಿಸಿದೆ. ಎಳೆಗಳು ಒಳಗೇ ಹರಿದಿರಬಹುದು, ಹೊರಗೆ ಗೊತ್ತಾಗಲ್ಲ. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪಟ್ಟಿಯೂ ಬಲ ಕಳೆದುಕೊಂಡಿರುತ್ತೆ.

ಈಚಿನ ಕಾರುಗಳ ಬೆಲ್ಟ್ ಇನ್ನೂ ಬೇಡ. ಅವುಗಳಲ್ಲಿ ಡಿಕ್ಕಿಯಾದ ಕೂಡಲೇ ಪಟ್ಟಿಯನ್ನು ಬಿಗಿ ಮಾಡುವ ಸಣ್ಣ ಸಿಡಿಮದ್ದು ಇರುತ್ತೆ, ಬಿಚ್ಚುವಾಗ ಸಿಡಿದರೆ ಕೈ ಹೋಗುತ್ತೆ. ಅದಿಲ್ಲದಿದ್ದರೂ, ಬಲ ಒಂದು ಮಟ್ಟ ದಾಟಿದ ಮೇಲೆ ಪಟ್ಟಿಯನ್ನು ಸ್ವಲ್ಪ ಸ್ವಲ್ಪ ಬಿಟ್ಟುಕೊಡುವ ವ್ಯವಸ್ಥೆ ರೀಲಿನಲ್ಲಿರುತ್ತೆ. ಮುಂದೆ ಏರ್‌ಬ್ಯಾಗ್ ಇದೆ, ಅದು ಎದೆಯನ್ನು ಹಿಡಿಯುತ್ತೆ ಅನ್ನುವ ಲೆಕ್ಕದ ಮೇಲೆ ಮಾಡಿದ್ದು ಅದು. ಪದ್ಮಿನಿಯಲ್ಲಿ ಏರ್‌ಬ್ಯಾಗ್ ಎಲ್ಲಿದೆ? ಅಲ್ಲಿ ಬಿಟ್ಟುಕೊಟ್ಟ ಪಟ್ಟಿ ನಿಮ್ಮನ್ನು ಸ್ಟೀರಿಂಗ್ ಹತ್ತಿರ ಒಯ್ದು ಬಿಡುತ್ತೆ.

ಹೊಸದನ್ನೇ ಕೊಳ್ಳುವಾಗ ಪಟ್ಟಿಯ ತುದಿಯಲ್ಲಿ ಹೊಲಿದ ಲೇಬಲ್ ಓದಿ. ಯುರೋಪಿನ ಪರೀಕ್ಷೆ ಪಾಸಾದದ್ದಾದರೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ ಇರುತ್ತೆ. ಭಾರತದ್ದಾದರೆ ಐಎಸ್ 15140 ಅಥವಾ ಎಐಎಸ್ 005 ಅಂತ ನೋಡಿ. ಲೇಬಲ್ಲೇ ಇಲ್ಲದ್ದನ್ನು ಅಲ್ಲೇ ಬಿಟ್ಟು ಬನ್ನಿ.

ರೇಸ್ ಕಾರಿನ ನಾಲ್ಕು ಪಟ್ಟಿಯ ಹಾರ್ನೆಸ್ ಬಗ್ಗೆಯೂ ಒಂದು ಮಾತು. ಫೋಟೊದಲ್ಲಿ ಭಾರೀ ಕಾಣುತ್ತೆ. ರಸ್ತೆಯಲ್ಲಿ ಅದು ಬೇಡ. ಭುಜದ ಪಟ್ಟಿಗಳು ಎಳೆದಾಗ ಸೊಂಟದ ಪಟ್ಟಿಯನ್ನು ಮೇಲಕ್ಕೆ ಎತ್ತುತ್ತವೆ, ಅದನ್ನು ಕೆಳಗೆ ಹಿಡಿಯೋಕೆ ತೊಡೆಗಳ ನಡುವಿನ ಐದನೇ ಪಟ್ಟಿ ಬೇಕು. ಅದಕ್ಕೆ ತಕ್ಕ ಸೀಟು ಬೇಕು, ಹಿಂದೆ ರೋಲ್ ಬಾರ್ ಬೇಕು. ಇಷ್ಟೆಲ್ಲ ಕಟ್ಟಿಕೊಂಡು ಸಿಗ್ನಲ್‌ನಲ್ಲಿ ಪಕ್ಕಕ್ಕೆ ಬಾಗಿ ನೋಡೋಕೂ ಆಗಲ್ಲ.

ತೂತು ಹೊಡೆಯುವ ದಿನ

ಮೊದಲು ಬ್ಯಾಟರಿ ವೈರ್ ಬಿಚ್ಚಿ. ತೂತು ಬೀಳುವ ಜಾಗದ ಆಚೆ ಬದಿಯಲ್ಲಿ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ಟ್ಯಾಂಕು, ವೈರು ಯಾವುದೂ ಇಲ್ಲ ಅಂತ ಕಣ್ಣಾರೆ ನೋಡಿ. ಸಣ್ಣ ಬಿಟ್‌ನಿಂದ ಶುರು ಮಾಡಿ ದೊಡ್ಡದು ಮಾಡುತ್ತಾ ಹೋಗಿ. ಕುಯ್ದ ಅಂಚಿಗೆ ಪ್ರೈಮರ್ ಹಚ್ಚದೆ ಬಿಟ್ಟರೆ ಬೆಲ್ಟಿಗೆ ಮಾಡಿದ ತೂತೇ ಮುಂದಿನ ತುಕ್ಕಿನ ಬಾಗಿಲು. ಪ್ಲೇಟಿನ ಸುತ್ತ ಸೀಲೆಂಟ್ ಕೊಡಿ, ನೀರು ಇಳಿಯಬಾರದು.

ಬೆಲ್ಟಿನ ಜೊತೆ ಬರುವ ಬುಷ್, ಅಲೆಯಾಕಾರದ ವಾಷರ್‌ಗಳನ್ನು ಎಷ್ಟೋ ಜನ ಎಸೆಯುತ್ತಾರೆ. ಅವು ಇರೋದು ಬೋಲ್ಟು ಪೂರ್ತಿ ಬಿಗಿಯಾದ ಮೇಲೂ ಬ್ರ್ಯಾಕೆಟ್ ಆಚೀಚೆ ತಿರುಗಲಿ ಅಂತ. ಬ್ರ್ಯಾಕೆಟ್ ಎಳೆತದ ದಿಕ್ಕಿಗೆ ತಾನೇ ತಿರುಗಬೇಕು. ಬಿಗಿದು ಅಲುಗಾಡದ ಹಾಗೆ ಮಾಡಿದರೆ ಪಟ್ಟಿ ಒಂದೇ ಅಂಚಿನಿಂದ ಹರಿಯೋಕೆ ಶುರುವಾಗುತ್ತೆ. ಪಟ್ಟಿ ಎಲ್ಲೂ ಚೂಪು ತಗಡಿಗೆ, ಬಾಗಿಲಿಗೆ ಉಜ್ಜಬಾರದು. ಬಣ್ಣ ಹೊಂದಲಿ ಅಂತ ಪಟ್ಟಿಗೆ ಡೈ ಹಾಕಿಸುವುದು, ಬ್ಲೀಚಿನಲ್ಲಿ ತೊಳೆಯುವುದು ಬೇಡವೇ ಬೇಡ. ಉಗುರುಬೆಚ್ಚಗಿನ ಸೋಪುನೀರು ಸಾಕು.

ಹಿಂದಿನ ಸೀಟನ್ನು ಮರೆಯೋದು ನಮ್ಮ ರೂಢಿ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತದಲ್ಲಿ ಹಿಂದೆ ಕೂತಿದ್ದ ಇಬ್ಬರೂ ಉಳಿಯಲಿಲ್ಲ. ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಅದು ಈಚಿನ ಕಾಲದ ಮರ್ಸಿಡಿಸ್. ಹಳೇ ಕಾರಿನಲ್ಲಿ ಬೆಲ್ಟಿಲ್ಲದೆ ಹಿಂದೆ ಕೂತವರು ಮುಂದಿನ ಸೀಟಿನ ಗಿಡ್ಡ ಬೆನ್ನಿನ ಮೇಲೆ ಹಾರಿ ಮುಂದೆ ಕೂತವರ ತಲೆಗೇ ಗುದ್ದುತ್ತಾರೆ. ಹಿಂದೆ ಕೆಳಗಿನ ಪಾಯಿಂಟುಗಳು ಸುಲಭ. ಮೇಲಿನದಕ್ಕೆ ಹಿಂಗಾಜಿನ ಕೆಳಗಿನ ಶೆಲ್ಫ್ ಕಾಣುತ್ತೆ, ಆದರೆ ಅದು ತೆಳು ತಗಡು, ಎಷ್ಟೋ ಕಾರಲ್ಲಿ ಬರೀ ಹಲಗೆ. ಅದರ ಪಕ್ಕದಲ್ಲಿ ಚಕ್ರದ ಕಮಾನು ಬಾಡಿಗೆ ಸೇರುವ ಭಾಗ ಗಟ್ಟಿ, ಅಲ್ಲಿ ಪ್ಲೇಟು ಕೊಡಬಹುದು. ಮಕ್ಕಳ ಸೀಟು ಕಟ್ಟುವ ಯೋಚನೆ ಇದ್ದರೆ ಆ ಸೀಟಿನ ಪುಸ್ತಕದಲ್ಲಿ ಯಾವ ಬೆಲ್ಟ್ ಬೇಕು ಅಂತ ಓದಿಕೊಂಡೇ ಕೆಲಸ ಶುರು ಮಾಡಿ. ಕೆಲವಕ್ಕೆ ಸೊಂಟದ ಬೆಲ್ಟ್ ಸಾಕು, ಹೆಚ್ಚಿನವಕ್ಕೆ ಮೂರು ಪಾಯಿಂಟಿನದೇ ಬೇಕು.

ಕಾನೂನು, ಒರಿಜಿನಲ್ ಅನ್ನುವ ಹಟ

ಬೆಲ್ಟ್ ಹಾಕದಿದ್ದರೆ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ನಿನಲ್ಲಿ 1,000 ರೂಪಾಯಿ ದಂಡ ಇದೆ. ಆದರೆ ಕೇಂದ್ರ ನಿಯಮ 138 ಹೇಳೋದು, ನಿಯಮದ ಪ್ರಕಾರ ಬೆಲ್ಟ್ ಕೊಟ್ಟಿರುವ ವಾಹನಗಳಲ್ಲಿ ಅದನ್ನು ಹಾಕಿಕೊಳ್ಳಬೇಕು ಅಂತ. ಬೆಲ್ಟೇ ಇಲ್ಲದೆ ತಯಾರಾದ 1972ರ ಕಾರಿನ ಮಾಲೀಕರು ಇದನ್ನು ವಿನಯದಿಂದ ವಿವರಿಸಬಹುದು. ರಸ್ತೆ ಬದಿಯಲ್ಲಿ ಎಷ್ಟು ಕೇಳಿಸಿಕೊಳ್ಳುತ್ತಾರೋ ಅದು ಬೇರೆ.

50 ವರ್ಷ ದಾಟಿದ ಕಾರುಗಳಿಗೆ 2021ರಿಂದ ವಿಂಟೇಜ್ ನೋಂದಣಿ ಬಂದಿದೆ, ನಂಬರಿನಲ್ಲಿ ವಿಎ ಅಕ್ಷರಗಳಿರುತ್ತವೆ. ಅದಕ್ಕೆ ಕಾರು ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ ಶೆಲ್, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಫ್ಲೋರಿನ ಕೆಳಗಿನ ನಾಲ್ಕು ಪ್ಲೇಟುಗಳನ್ನು ನಾನಂತೂ ದೊಡ್ಡ ಬದಲಾವಣೆ ಅನ್ನಲ್ಲ. ಆದರೂ ಕಂಬ ಕುಯ್ಯುವ ಮೊದಲು ಆರ್‌ಟಿಒದಲ್ಲಿ ಕೇಳುವುದು ಜಾಣತನ. ಸ್ಪರ್ಧೆಗೆ ನಿಲ್ಲಿಸುವ ಅಪರೂಪದ ಕಾರಾದರೆ, ಇರುವ ಸೀಟ್ ಬೋಲ್ಟಿನ ಜಾಗವನ್ನೇ ಬಲಪಡಿಸಿ ಸೊಂಟದ ಬೆಲ್ಟ್ ಕೂರಿಸಿ, ಪ್ರದರ್ಶನದ ದಿನ ಬಿಚ್ಚಿಡಬಹುದು. ದಿನಾ ಮಗಳನ್ನು ಸ್ಕೂಲಿಗೆ ಬಿಡುವ ಕಾರಿಗೆ ಒರಿಜಿನಲ್ ಅನ್ನುವ ನೆಪ ಯಾಕೆ ಬೇಕು, ಅಲ್ವಾ?

ಕೆಲಸ ಮುಗಿದ ಮೇಲೆ ಪರೀಕ್ಷೆ ಹೀಗೆ. ನಿಂತ ಕಾರಿನಲ್ಲಿ ಪಟ್ಟಿಯನ್ನು ಮೆಲ್ಲಗೆ ಎಳೆಯಿರಿ, ಬರಬೇಕು. ಜೋರಾಗಿ ಎಳೆಯಿರಿ, ಹಿಡಿಯಬೇಕು. ಖಾಲಿ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿ, ರೀಲು ಲಾಕ್ ಆಗಬೇಕು. ಪಕ್ಕದಲ್ಲಿ ಕೂತವರ ಬೆಲ್ಟನ್ನೂ ಹೀಗೇ ನೋಡಿ. ಒಂದು ತಿಂಗಳು ಓಡಿಸಿದ ಮೇಲೆ ಬೋಲ್ಟುಗಳಿಗೆ ಮತ್ತೆ ಸ್ಪ್ಯಾನರ್ ಹಾಕಿ. ಆಮೇಲೆ ಪ್ರತಿ ಮಳೆಗಾಲ ಮುಗಿದ ಮೇಲೆ ಕಾರ್ಪೆಟ್ ಎತ್ತಿ, ಕಾರಿನ ಕೆಳಗೂ ಬಗ್ಗಿ, ಪ್ಲೇಟಿನ ಸುತ್ತ ಪೇಂಟು ಉಬ್ಬಿದೆಯಾ ಅಂತ ನೋಡಿ. ದೊಡ್ಡ ಡಿಕ್ಕಿಯಾದರೆ ಪಟ್ಟಿ, ರೀಲು, ಬಕಲ್, ಬೋಲ್ಟು ಎಲ್ಲವನ್ನೂ ಬದಲಾಯಿಸಿ, ಪ್ಲೇಟಿನ ಸುತ್ತಲಿನ ತಗಡು ಸೊಟ್ಟಗಾಗಿದೆಯಾ ಅಂತ ಬಾಡಿ ಕೆಲಸದವರಿಗೆ ತೋರಿಸಿ.